ಚಿಂದೋಡಿ ಲೀಲಾ: ಕಂಪನಿ ನಾಟಕದಿಂದ ಬೆಳ್ಳಿತೆರೆಗೆ

ಚಿಂದೋಡಿ ಲೀಲಾ ದಾವಣಗೆರೆಯ ವೃತ್ತಿರಂಗಭೂಮಿ ಕಂಡ ಬಹುಮುಖ ಕಲಾವಿದೆ. ಕುಕ್ಕುವಾಡ, ಹರಿಹರಗಳ ಸುತ್ತಿನ ಈ ಸೀಮೆಯಲ್ಲಿ ಅವರ ತಂದೆ ಚಿಂದೋಡಿ ವೀರಪ್ಪನವರು ಕೆ.ಬಿ.ಆರ್. ಡ್ರಾಮಾ ಕಂಪನಿಯನ್ನು ಕಟ್ಟಿದರು. ವೀರಪ್ಪನವರು ನಟರೂ ಹೌದು, ಗಾಯಕರೂ ಹೌದು. ಲೀಲಾ ಅವರಿಗೆ ಆ ಕಂಪನಿಯೇ ಪಾಠಶಾಲೆ.

ಕಂಪನಿ ನಾಟಕದಲ್ಲಿ ಕಂಠವೇ ಮೊದಲ ಬಂಡವಾಳ. ಹಾರ್ಮೋನಿಯಂ, ತಬಲಾಗಳ ಜೊತೆ ನಟಿಯೇ ರಂಗದ ಮೇಲೆ ನಿಂತು ಹಾಡಬೇಕು. ಮರುಕ್ಷಣವೇ ಮಾತಿಗೆ ಹೊರಳಬೇಕು. ಟೆಂಟಿನ ಕೊನೆಯ ಸಾಲಿನಲ್ಲಿ ಚಾಪೆ ಹಾಸಿ ಕೂತವರಿಗೂ ಪ್ರತಿ ಅಕ್ಷರ ಕೇಳಬೇಕು. ಮರುರಾತ್ರಿ ಮತ್ತೆ ಅದೇ ದುಡಿಮೆ. ‘ಹಳ್ಳಿ ಹುಡುಗಿ’, ‘ಪೊಲೀಸನ ಮಗಳು’ ನಾಟಕಗಳು ಅವರ ಹೆಸರನ್ನು ಊರೂರಿಗೆ ಮುಟ್ಟಿಸಿದವು. ಇಂಥ ಪಳಗುವಿಕೆಯನ್ನು ಯಾವ ಸ್ಟುಡಿಯೊವೂ ಕೊಡಲಾರದು.

ಸಿನಿಮಾದಲ್ಲಿ ಅವರು ಹೆಚ್ಚಾಗಿ ಪೋಷಕ ಪಾತ್ರಗಳಲ್ಲಿ ಕಾಣಿಸಿಕೊಂಡರು. ಪುಟ್ಟಣ್ಣ ಕಣಗಾಲರ 1971ರ ‘ಶರಪಂಜರ’ದಲ್ಲೂ ಅವರಿದ್ದಾರೆ.

ಗದುಗಿನ ಅಂಧ ಗಾಯಕರ ಬದುಕನ್ನು ಹೇಳುವ ‘ಗಾನಯೋಗಿ ಪಂಚಾಕ್ಷರಿ ಗವಾಯಿ’ ಚಿತ್ರ ಚಿಂದೋಡಿ ಕುಟುಂಬದ ದೊಡ್ಡ ಸಾಹಸ. ನಿರ್ದೇಶಕರು ಚಿಂದೋಡಿ ಬಂಗಾರೇಶ್. ಇದರ ಸಂಗೀತಕ್ಕೆ ಹಂಸಲೇಖ, ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ರಾಷ್ಟ್ರಪ್ರಶಸ್ತಿ ಪಡೆದರು. ಸಂಗೀತವನ್ನೇ ಉಸಿರಾಗಿಸಿಕೊಂಡ ರಂಗಮನೆತನಕ್ಕೆ ಒಪ್ಪುವ ವಸ್ತು ಅದು.

ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಸಂದಿತು. ಕರ್ನಾಟಕ ನಾಟಕ ಅಕಾಡೆಮಿಯ ಅಧ್ಯಕ್ಷರೂ ಆಗಿದ್ದ ಅವರು 2010ರ ಜನವರಿ 21ರಂದು ನಿಧನರಾದರು.