ಗಾಜಿನ ತೊಟ್ಟಿಯಲ್ಲಿ ಕೊರವ: ಬೇಟೆ ಮೀನಿನ ಸಾಕಣೆ ಮತ್ತು ಆಹಾರಕ್ರಮ

ಇತರ ಮೀನು, ಸೀಗಡಿ, ಕಪ್ಪೆ, ಕೀಟಗಳನ್ನು ಹಿಡಿದು ತಿಂದು ಬದುಕುವ ಸಿಹಿನೀರಿನ ಬೇಟೆ ಮೀನುಗಳ ಪೈಕಿ ದಕ್ಷಿಣ ಅಮೆರಿಕದ ಆಸ್ಕರ್, ಆಗ್ನೇಯ ಏಷ್ಯಾದ ಅರೋವಾನಾ, ಉತ್ತರ ಅಮೆರಿಕದ ಅಲಿಗೇಟರ್ ಗಾರ್ ಮೊದಲಾದವು ಅಕ್ವೇರಿಯಂ ಅಂಗಡಿಗಳಲ್ಲಿ ಹೆಸರುವಾಸಿಯಾಗಿವೆ. ಆದರೆ ಕನ್ನಡನಾಡಿನ ಕೆರೆ, ಗದ್ದೆ, ಹಳ್ಳಗಳಲ್ಲಿಯೇ ಹುಟ್ಟಿ ಬೆಳೆಯುವ, ಪ್ರದೇಶಕ್ಕೆ ತಕ್ಕಂತೆ ಕೊರವ, ಕುಚ್ಚು, ಮುರ್ರೆಲ್ ಎಂಬ ಹೆಸರುಗಳಿಂದ ಪರಿಚಿತವಾಗಿರುವ ಮೀನು ಇವುಗಳಲ್ಲಿ ಯಾವುದಕ್ಕೂ ಕಡಿಮೆಯಿಲ್ಲದ ಬೇಟೆಗಾರನಾಗಿದ್ದು, ಸಾಕುವವರಿಗೆ ಅದು ತೋರಿಸುವ ನಡವಳಿಕೆಯ ವೈವಿಧ್ಯವು ದುಬಾರಿ ವಿದೇಶಿ ಮೀನುಗಳಲ್ಲಿಯೂ ಅಪರೂಪವೇ.

ಮೀನುಶಾಸ್ತ್ರದಲ್ಲಿ ಕೊರವಗಳು ಚನ್ನಾ ಎಂಬ ಕುಲಕ್ಕೆ ಸೇರುತ್ತವೆ. ಹಾವಿನ ತಲೆಯನ್ನು ಹೋಲುವ, ದೊಡ್ಡ ಹುರುಪೆಗಳಿಂದ ಮುಚ್ಚಿದ ಚಪ್ಪಟೆ ತಲೆ, ಉರುಳೆಯಾಕಾರದ ಮೈ, ಬೆನ್ನಿನುದ್ದಕ್ಕೂ ಹಬ್ಬಿದ ಒಂದೇ ಈಜುರೆಕ್ಕೆ ಇವುಗಳ ಗುರುತು. ಕಿವಿರುಗಳ ಮೇಲ್ಭಾಗದ ಕೋಣೆಯೊಂದರಲ್ಲಿ ರಕ್ತನಾಳಗಳಿಂದ ತುಂಬಿದ ಉಸಿರಾಟದ ಅಂಗವಿರುವುದರಿಂದ ಕೊರವ ಆಗಾಗ ನೀರಿನ ಮೇಲ್ಮೈಗೆ ಬಂದು ಗಾಳಿಯನ್ನು ನುಂಗುತ್ತದೆ. ಬೇಸಿಗೆಯಲ್ಲಿ ಕೆರೆ ಬತ್ತಿ ಉಳಿದ ಮೀನುಗಳೆಲ್ಲ ಸತ್ತರೂ ಕೊರವ ಒದ್ದೆ ಕೆಸರಿನಲ್ಲಿ ಹುದುಗಿ ಜೀವ ಉಳಿಸಿಕೊಳ್ಳುವುದು ಈ ಅಂಗದ ಬಲದಿಂದ. ಇದೇ ಕಾರಣಕ್ಕೆ ತೊಟ್ಟಿಯನ್ನು ಅಂಚಿನವರೆಗೆ ತುಂಬಿಸಿ ಮುಚ್ಚಳ ಹಾಕುವುದು ಅಪಾಯಕಾರಿಯಾಗುತ್ತದೆ. ಮೇಲ್ಮೈ ತಲುಪಲಾಗದ ದೊಡ್ಡ ಕೊರವ ನೀರಿನಲ್ಲಿದ್ದೂ ಉಸಿರುಗಟ್ಟಿ ಸಾಯಬಲ್ಲದು. ನೀರಿಗೂ ಮುಚ್ಚಳಕ್ಕೂ ನಡುವೆ ನಾಲ್ಕು ಬೆರಳಿನಷ್ಟಾದರೂ ಗಾಳಿಯ ಜಾಗ ಬಿಡಬೇಕು ಮತ್ತು ಆ ಮುಚ್ಚಳವನ್ನು ಭದ್ರವಾಗಿ ಬಿಗಿಯಬೇಕು, ಏಕೆಂದರೆ ಫಿಲ್ಟರಿನ ಕೊಳವೆಗೆಂದು ಬಿಟ್ಟ ಕಿಂಡಿಯಿಂದಲೂ ಕೊರವ ಹೊರಗೆ ನೆಗೆಯುತ್ತದೆ.

ಯಾವ ಪ್ರಭೇದವನ್ನು ಆರಿಸಬೇಕೆಂಬ ಪ್ರಶ್ನೆಯಲ್ಲಿಯೇ ಸಾಕಣೆಯ ಅರ್ಧದಷ್ಟು ಯಶಸ್ಸು ಅಡಗಿದೆ. ತೆಲಂಗಾಣದ ರಾಜ್ಯಮೀನು ಎನಿಸಿರುವ, ಮಾರುಕಟ್ಟೆಯಲ್ಲಿ ಜೀವಂತವಾಗಿಯೇ ಮಾರಾಟವಾಗುವ ಚನ್ನಾ ಸ್ಟ್ರಯೇಟಾ ಎರಡು ಅಡಿಗೂ ಮಿಕ್ಕಿ ಬೆಳೆಯುತ್ತದೆ. ಚನ್ನಾ ಮರೂಲಿಯಸ್ ಒಂದು ಮೀಟರನ್ನು ದಾಟುತ್ತದೆ. ಬೆರಳುದ್ದದ ಮರಿಯಾಗಿದ್ದಾಗ ಇವು ಎಷ್ಟೇ ಮುದ್ದಾಗಿ ಕಂಡರೂ ಸಾಮಾನ್ಯ ಮನೆಯ ತೊಟ್ಟಿಗೆ ಹೊಂದುವ ಮೀನುಗಳಲ್ಲ. ಪಶ್ಚಿಮ ಘಟ್ಟದ ಹಳ್ಳಗಳಲ್ಲಿ ಸಿಗುವ, ಈಜುರೆಕ್ಕೆಗಳಿಗೆ ಕಿತ್ತಳೆ ಅಂಚಿರುವ ಚನ್ನಾ ಗಚುವಾ ಮಾತ್ರ ಒಂದು ಗೇಣಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಸ್ಸಾಮಿನ ಚನ್ನಾ ಬ್ಲೆಹೆರಿಯೂ ಅಷ್ಟೇ ಚಿಕ್ಕದಾದರೂ ಚಳಿಗಾಲದಲ್ಲಿ ತಣ್ಣನೆಯ ನೀರನ್ನು ಬಯಸುವ ಮೀನಾದ್ದರಿಂದ ವರ್ಷವಿಡೀ ಹೀಟರ್ ಹಾಕಿ ಸಾಕುವುದು ಅದಕ್ಕೆ ಒಗ್ಗುವುದಿಲ್ಲ. ಹೊಸಬರು ಗಚುವಾದಿಂದ ಆರಂಭಿಸುವುದೇ ಯೋಗ್ಯ.

ಒಂದು ಜೋಡಿ ಗಚುವಾಕ್ಕೆ 90 ಸೆಂಟಿಮೀಟರ್ ಉದ್ದ, 45 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರದ ತೊಟ್ಟಿ ಸಾಕಾಗುತ್ತದೆ. ಈ ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ ಅದರ ಗಾತ್ರ ಸುಮಾರು 180 ಲೀಟರ್ ಎಂದು ತಿಳಿಯುತ್ತದೆ. ಅಂದರೆ ತುಂಬಿದ ತೊಟ್ಟಿಯಲ್ಲಿ ನೀರಿನ ತೂಕವೇ 180 ಕಿಲೋ ಆಗುವುದರಿಂದ ಅದನ್ನು ಹೊರುವ ಮೇಜು ಅಷ್ಟು ಗಟ್ಟಿಯಾಗಿರಬೇಕು. ಕಲ್ಲಿನ ಪೊಟರೆ, ಮರದ ಬೇರು, ಒಣಗಿದ ಕಾಡುಬಾದಾಮಿ ಎಲೆ, ಮೇಲೆ ತೇಲುವ ಅಂತರಗಂಗೆ ಇದ್ದರೆ ಅಡಗಲು ಜಾಗ ಸಿಕ್ಕಿ ಮೀನಿನ ಅಂಜಿಕೆ ತಗ್ಗುತ್ತದೆ. ಮೀನನ್ನು ತರುವ ಮೊದಲು ನೀರು ಪಕ್ವವಾಗಬೇಕು. ಮೀನಿನ ವಿಸರ್ಜನೆಯಿಂದಲೂ ಉಳಿದ ಆಹಾರ ಕೊಳೆಯುವುದರಿಂದಲೂ ಹುಟ್ಟುವ ಅಮೋನಿಯಾ ವಿಷಕಾರಿಯಾಗಿದ್ದು, ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿಯೂ ನಂತರ ಅಷ್ಟೇನೂ ಹಾನಿಕರವಲ್ಲದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಈ ಬ್ಯಾಕ್ಟೀರಿಯಾಗಳು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಕ್ಷಾರಗುಣ ಹೆಚ್ಚಿರುವ ಬೋರ್‌ವೆಲ್ ನೀರಿನಲ್ಲಿ ಅಮೋನಿಯಾದ ವಿಷ ಇನ್ನಷ್ಟು ತೀವ್ರವಾಗುತ್ತದೆ ಎಂಬುದನ್ನು ನಗರದ ಸಾಕಣೆದಾರರು ವಿಶೇಷವಾಗಿ ಗಮನಿಸಬೇಕು. ಮಾಂಸಾಹಾರಿ ಮೀನಿನ ತೊಟ್ಟಿ ಬೇಗ ಕಲುಷಿತವಾಗುವುದರಿಂದ ವಾರಕ್ಕೊಮ್ಮೆ ಕಾಲುಭಾಗದಷ್ಟು ನೀರನ್ನು, ನಲ್ಲಿ ನೀರಾದರೆ ಕ್ಲೋರಿನ್ ತೆಗೆದು, ಬದಲಾಯಿಸಬೇಕಾಗುತ್ತದೆ.

ಬೇಟೆ ಮೀನಿನ ಸಾಕಣೆಯಲ್ಲಿ ಅತಿ ಹೆಚ್ಚು ತಪ್ಪುಗಳು ನಡೆಯುವುದು ಆಹಾರದ ವಿಷಯದಲ್ಲಿ. ಕೊರವ ಬೇಟೆಯಾಡುವ ಬಗೆಯನ್ನು ಹತ್ತಿರದಿಂದ ನೋಡಿದವರಿಗೆ ಈ ತಪ್ಪಿನ ಆಕರ್ಷಣೆ ಅರ್ಥವಾಗುತ್ತದೆ. ಎದೆಯ ಈಜುರೆಕ್ಕೆಗಳನ್ನು ಮಾತ್ರ ಬೀಸಣಿಗೆಯಂತೆ ಮೆಲ್ಲನೆ ಆಡಿಸುತ್ತಾ, ಎರಡೂ ಕಣ್ಣುಗಳನ್ನು ಬೇಟೆಯತ್ತ ನೆಟ್ಟು, ಮೈಯನ್ನು ಬಿಲ್ಲಿನಂತೆ ಬಾಗಿಸಿ ನಿಲ್ಲುವ ಮೀನು ಥಟ್ಟನೆ ಮುನ್ನುಗ್ಗಿ ಬಾಯಿ ತೆರೆದಾಗ ಒಳನುಗ್ಗುವ ನೀರಿನ ಜೊತೆಯಲ್ಲಿಯೇ ಬೇಟೆಯೂ ಬಾಯಿ ಸೇರುತ್ತದೆ. ಈ ದೃಶ್ಯಕ್ಕಾಗಿಯೇ ಅನೇಕರು ಅಂಗಡಿಯಿಂದ ಅಗ್ಗದ ಗೋಲ್ಡ್‌ಫಿಶ್ ತಂದು ಜೀವಂತವಾಗಿ ತೊಟ್ಟಿಗೆ ಬಿಡುತ್ತಾರೆ. ಈ ರೂಢಿ ಎರಡು ಕಾರಣಗಳಿಂದ ತ್ಯಾಜ್ಯ. ಕಿಕ್ಕಿರಿದ ತೊಟ್ಟಿಗಳಲ್ಲಿ ಇಟ್ಟ ಇಂಥ ಮೀನುಗಳು ಬಿಳಿಚುಕ್ಕೆ ರೋಗವನ್ನೂ ಮೈಗೆ ಕಚ್ಚಿಕೊಳ್ಳುವ ಲರ್ನಿಯಾ ಎಂಬ ಪರೋಪಜೀವಿಯನ್ನೂ ಹೊತ್ತು ತರಬಲ್ಲವು. ಅದಲ್ಲದೆ ಗೋಲ್ಡ್‌ಫಿಶ್ ಮತ್ತು ಅದರ ಗೆಂಡೆ ಬಳಗದ ಹಲವು ಮೀನುಗಳ ಹಸಿ ಮಾಂಸದಲ್ಲಿ ಬಿ1 ಜೀವಸತ್ವವನ್ನು ನಾಶಪಡಿಸುವ ಥಯಾಮಿನೇಸ್ ಎಂಬ ಕಿಣ್ವವಿದ್ದು, ಅವನ್ನೇ ತಿಂಗಳುಗಟ್ಟಲೆ ತಿಂದ ಮೀನು ಹಸಿವು ಕಳೆದುಕೊಂಡು, ಈಜುವಾಗ ಸಮತೋಲ ತಪ್ಪಿ, ಕೊನೆಗೆ ಸೆಳೆತಕ್ಕೆ ಒಳಗಾಗಬಹುದು. ದನ ಅಥವಾ ಕೋಳಿಯ ಮಾಂಸವೂ ನಿತ್ಯದ ಆಹಾರವಾಗಲಾರದು. ನೆಲಪ್ರಾಣಿಗಳ ಕೊಬ್ಬನ್ನು ಮೀನಿನ ದೇಹ ಸರಿಯಾಗಿ ಬಳಸಿಕೊಳ್ಳದೆ ಅದು ಒಳಗೇ ಸಂಗ್ರಹವಾಗುತ್ತದೆ.

ಎರೆಹುಳು, ಸಾಕಿದ ಮಿಡತೆ, ಸಿಪ್ಪೆ ಸಹಿತ ಸಣ್ಣ ಸೀಗಡಿ, ಮುಳ್ಳು ತೆಗೆದ ಜಿಲೇಬಿ ಮೀನಿನ ತುಂಡು, ಮಾಂಸಾಹಾರಿ ಮೀನುಗಳಿಗೆಂದೇ ತಯಾರಾಗುವ ಪೆಲೆಟ್ ಇವುಗಳನ್ನು ಸರದಿಯಂತೆ ಕೊಡುವುದು ಒಳ್ಳೆಯ ಕ್ರಮ. ಚಲಿಸುವ ಬೇಟೆಗೆ ಒಗ್ಗಿದ ಕೊರವ ಮೊದಲಿಗೆ ಪೆಲೆಟ್ಟನ್ನು ಕಣ್ಣೆತ್ತಿ ನೋಡದಿರಬಹುದು. ಆಗ ಆರೋಗ್ಯವಂತ ಬೆಳೆದ ಮೀನನ್ನು ಮೂರು-ನಾಲ್ಕು ದಿನ ಹಸಿದಿರಲು ಬಿಟ್ಟು, ಉದ್ದನೆಯ ಚಿಮ್ಮಟದ ತುದಿಯಲ್ಲಿ ಸೀಗಡಿಯ ತುಂಡನ್ನು ಹಿಡಿದು ನೀರಿನಲ್ಲಿ ಮೆಲ್ಲನೆ ಅಲ್ಲಾಡಿಸಿದರೆ ಹೆಚ್ಚಿನವು ಕೆಲವೇ ಸರದಿಗಳಲ್ಲಿ ಹೊಸ ಆಹಾರಕ್ಕೆ ಹೊಂದಿಕೊಳ್ಳುತ್ತವೆ. ಮರಿಗಳಿಗೆ ದಿನವೂ ಆಹಾರ ಬೇಕು. ಬೆಳೆದ ಮೀನಿಗೆ ವಾರಕ್ಕೆ ಎರಡು ಅಥವಾ ಮೂರು ಬಾರಿ, ಹೊಟ್ಟೆ ಸ್ವಲ್ಪವೇ ದುಂಡಗಾಗುವಷ್ಟು ಕೊಟ್ಟರೆ ಸಾಕು. ಪ್ರಕೃತಿಯಲ್ಲಿ ಬೇಟೆಗಾರನ ಪ್ರತಿ ದಾಳಿಯೂ ಫಲಿಸುವುದಿಲ್ಲವಾದ್ದರಿಂದ ಅದರ ದೇಹ ಹಸಿವಿನ ಬಿಡುವುಗಳಿಗೆ ಹೊಂದಿಕೊಂಡೇ ರೂಪುಗೊಂಡಿದೆ, ಮತ್ತು ತೊಟ್ಟಿಯ ಮುಂದೆ ಮನುಷ್ಯರು ಸುಳಿದಾಗಲೆಲ್ಲ ಮೀನು ಗಾಜಿನ ಬಳಿ ಬಂದು ನಿಲ್ಲುವುದನ್ನು ಹಸಿವೆಂದು ಭಾವಿಸಿ ಪ್ರತಿಬಾರಿಯೂ ತಿನ್ನಿಸುವ ಮನೆಗಳಲ್ಲಿ ಮೀನು ಕೊಬ್ಬಿ ಸಾಯುವುದೇ ಹೆಚ್ಚು. ನೀರು ತಣ್ಣಗಾದಾಗ ಜೀರ್ಣಶಕ್ತಿ ಕುಗ್ಗುವುದರಿಂದ ಆಹಾರವನ್ನೂ ಇಳಿಸಬೇಕು.

ಗಂಡು ಗಚುವಾ ಇದ್ದಕ್ಕಿದ್ದಂತೆ ತಿನ್ನುವುದನ್ನು ನಿಲ್ಲಿಸಿ, ಅದರ ಗಂಟಲು ಉಬ್ಬಿಕೊಂಡರೆ ಗಾಬರಿಪಡಬೇಕಿಲ್ಲ. ತೇಲುವ ಮೊಟ್ಟೆಗಳನ್ನು ಬಾಯಿಯೊಳಗೆ ತುಂಬಿಕೊಂಡು ಕಾವುಕೊಡುವುದು ಈ ಪ್ರಭೇದದಲ್ಲಿ ಗಂಡಿನ ಕೆಲಸ. ಮರಿಗಳು ಹೊರಬಂದ ಮೇಲೆಯೂ ಅಪಾಯ ಕಂಡಾಗ ತಂದೆಯ ಬಾಯಿಯೊಳಗೆ ಮರಳುತ್ತವೆ. ಬಾಯಲ್ಲಿ ಕಾವುಕೊಡುವ ಕೆಲವು ಕೊರವಗಳಲ್ಲಿ ಹೆಣ್ಣು ಫಲಿತವಾಗದ ಮೊಟ್ಟೆಗಳನ್ನು ಇಟ್ಟು ಮರಿಗಳಿಗೆ ಉಣಿಸುತ್ತದೆ. ಸಣ್ಣ ಮೀನುಗಳನ್ನು ನಿರ್ದಾಕ್ಷಿಣ್ಯವಾಗಿ ನುಂಗುವ ಅದೇ ಬಾಯಿ ತನ್ನ ಮರಿಗಳನ್ನು ದಿನಗಟ್ಟಲೆ ಉಪವಾಸವಿದ್ದು ಕಾಯುವುದನ್ನು ಮನೆಯಲ್ಲಿಯೇ ಕಾಣುವ ಅವಕಾಶ ಈ ಸಾಕಣೆಯ ನಿಜವಾದ ಸಂಪತ್ತು.

ತೊಟ್ಟಿಗೆ ಮೀರಿ ಬೆಳೆದ ಮೀನನ್ನು ನೀರಿಗೆ ಬಿಡುವ ರೂಢಿಯ ಫಲ ಎಲ್ಲೆಡೆ ಕಂಡಿದೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಕ್ರಾಫ್ಟನ್ ಪಟ್ಟಣದ ಕೊಳವೊಂದರಲ್ಲಿ 2002ರಲ್ಲಿ ಯಾರೋ ಬಿಟ್ಟಿದ್ದ ಏಷ್ಯಾದ ಕೊರವಗಳು ಮರಿಮಾಡಿದ್ದು ಪತ್ತೆಯಾಗಿ, ಕೊಳಕ್ಕೆ ವಿಷ ಹಾಕಿ ಎಲ್ಲ ಮೀನುಗಳನ್ನೂ ಕೊಲ್ಲಬೇಕಾಯಿತು. ಅದೇ ವರ್ಷ ಆ ದೇಶ ಜೀವಂತ ಕೊರವಗಳ ಆಮದನ್ನು ನಿಷೇಧಿಸಿತು. 2023ರಲ್ಲಿ ಶ್ರೀನಗರದ ದಾಲ್ ಸರೋವರದಲ್ಲಿ ಅಲಿಗೇಟರ್ ಗಾರ್ ಸಿಕ್ಕಿತು. ತೊಟ್ಟಿಯಲ್ಲಿ ಬೆಳೆದ ದೇಸಿ ಮೀನೂ ಮೈಹುಣ್ಣಿನಂಥ ರೋಗವನ್ನು ಹೊಳೆಗೆ ಹರಡಬಲ್ಲದು. ಆದ್ದರಿಂದ ಸಾಕಲಾಗದ ಮೀನನ್ನು ಅಂಗಡಿಗೆ ಮರಳಿಸಬೇಕು ಇಲ್ಲವೇ ಇನ್ನೊಬ್ಬ ಸಾಕಣೆದಾರರಿಗೆ ಒಪ್ಪಿಸಬೇಕು. ಕೆರೆಗಾಗಲಿ, ಹೊಳೆಗಾಗಲಿ, ದೇವಸ್ಥಾನದ ಕಲ್ಯಾಣಿಗಾಗಲಿ ಬಿಡಬಾರದು.