ಪರದೆಯ ಕಿಟಕಿಗಳಿಗೊಂದು ಸ್ಥಾಯಿ ಸೂಚನೆ

ಪುಣೆಯ ಅನೇಕ ಕನ್ನಡ ಮನೆಗಳಲ್ಲಿ ಹಿರಿಯರು ಕೈಯಾರೆ ಬರೆದಿಟ್ಟ ಹಾಡಿನ ಪುಸ್ತಕ, ಅಡುಗೆಯ ಟಿಪ್ಪಣಿ, ಪತ್ರಗಳ ಕಟ್ಟು ಇವುಗಳಲ್ಲಿ ಒಂದಾದರೂ ಉಳಿದು ಬಂದಿರುತ್ತದೆ. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳು ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ, ಶಾಲೆಯಲ್ಲಿ ದೇವನಾಗರಿಯನ್ನು ಕಲಿಯುತ್ತಾರೆ; ಆದರೆ ಕನ್ನಡ ಲಿಪಿ ಅವರಲ್ಲಿ ಹಲವರಿಗೆ ಅಪರಿಚಿತವಾಗಿಯೇ ಉಳಿಯುತ್ತದೆ. ಅಜ್ಜಿಯ ಬರಹವನ್ನು ಮೊಮ್ಮಕ್ಕಳಿಗೆ ತಲುಪಿಸಲು ಇರುವ ಒಂದು ಮಾರ್ಗವೆಂದರೆ ಅದನ್ನು ಯೂನಿಕೋಡ್ ಕನ್ನಡದಲ್ಲಿ ಬೆರಳಚ್ಚು ಮಾಡಿಡುವುದು. 1991ರಲ್ಲಿ ರಾಷ್ಟ್ರೀಯ ಮಾನಕವಾದ 'ಇಸ್ಕಿ' ಸಂಕೇತ ಪದ್ಧತಿಯಲ್ಲಿ ಕನ್ನಡದ ಕಕಾರಕ್ಕೂ ದೇವನಾಗರಿಯ ಕಕಾರಕ್ಕೂ ಒಂದೇ ಸ್ಥಾನವಿದೆ. ನಮ್ಮ ನಗರದ ಸಿ-ಡ್ಯಾಕ್ ಸಂಸ್ಥೆಯು ಬಳಕೆಗೆ ತಂದ ಪದ್ಧತಿಯಿದು. ಯೂನಿಕೋಡ್ ಕೂಡ ಇದೇ ಕ್ರಮದ ಮೇಲೆ ನಿಂತಿರುವುದರಿಂದ ಬೆರಳಚ್ಚಾದ ಕನ್ನಡವನ್ನು ಕ್ಷಣಮಾತ್ರದಲ್ಲಿ ದೇವನಾಗರಿಗೆ ಪರಿವರ್ತಿಸಬಹುದು.

ಈ ಕೆಲಸಕ್ಕೆ ಕುಳಿತವರಿಗೆ ಮೊದಲ ತೊಡಕು ಎದುರಾಗುವುದು ಪರದೆಯ ಮೇಲೆಯೇ. ಹಳೆಯ ಪುಟದ ಛಾಯಾಚಿತ್ರಕ್ಕೊಂದು ಕಿಟಕಿ, ಬರೆಯುವುದಕ್ಕೊಂದು, ನಿಘಂಟಿಗೊಂದು ಬೇಕು. ಒಂದನ್ನು ತೆರೆದರೆ ಇನ್ನೊಂದು ಮರೆಯಾಗುತ್ತದೆ. ವೋಚರನ್ನು ಲೆಡ್ಜರಿನೊಡನೆ ತಾಳೆ ನೋಡಿದ ಬ್ಯಾಂಕ್ ನೌಕರರೆಲ್ಲರೂ ಬಲ್ಲ ಸಂಗತಿಯೊಂದಿದೆ: ಎರಡೂ ಪಕ್ಕಪಕ್ಕದಲ್ಲಿದ್ದಾಗಲೇ ತಪ್ಪು ಕಣ್ಣಿಗೆ ಬೀಳುವುದು.

ಕಿಟಕಿ ಎಂದರೆ ನಾಲ್ಕು ಅಂಕೆಗಳು

ಕಂಪ್ಯೂಟರಿನ ದೃಷ್ಟಿಯಲ್ಲಿ ಪ್ರತಿಯೊಂದು ಕಿಟಕಿಯೂ ಒಂದು ಆಯತ. ಪರದೆಯ ಎಡತುದಿಯಿಂದ ಎಷ್ಟು ದೂರ, ಮೇಲ್ತುದಿಯಿಂದ ಎಷ್ಟು ಕೆಳಗೆ, ಅಗಲವೆಷ್ಟು, ಎತ್ತರವೆಷ್ಟು ಎಂಬ ನಾಲ್ಕು ಅಂಕೆಗಳು ಅದರ ನೆಲೆಯನ್ನು ನಿರ್ಧರಿಸುತ್ತವೆ. ಅಳತೆಯ ಮಾನ ಪಿಕ್ಸೆಲ್, ಅಂದರೆ ಪರದೆಯ ಒಂದು ಚುಕ್ಕೆ. ಶಾಲೆಯ ಗಣಿತದಲ್ಲಿ ಲೆಕ್ಕ ಕೆಳಗಿನಿಂದ ಮೇಲಕ್ಕೆ ಏರುತ್ತಿತ್ತು; ಇಲ್ಲಿ ಮೇಲಿನ ಎಡಮೂಲೆಯೇ ಸೊನ್ನೆ, ಲೆಕ್ಕ ಕೆಳಕ್ಕೆ ಇಳಿಯುತ್ತದೆ. ಎಡಗಡೆಗೆ ಎರಡನೆಯ ಪರದೆಯನ್ನು ಜೋಡಿಸಿದರೆ ಅಲ್ಲಿನ ಅಂಕೆಗಳು ಋಣಸಂಖ್ಯೆಗಳಾಗುತ್ತವೆ.

1985ರಲ್ಲಿ ಬಂದ ಮೊದಲ ವಿಂಡೋಸ್‌ನಲ್ಲಿ ಅನ್ವಯಗಳ ಕಿಟಕಿಗಳು ಒಂದರ ಮೇಲೊಂದು ಬೀಳುತ್ತಿರಲಿಲ್ಲ. ನೆಲಕ್ಕೆ ಹಾಸಿದ ಟೈಲ್ಸ್‌ನಂತೆ ಅಕ್ಕಪಕ್ಕ ಕೂರುತ್ತಿದ್ದವು. ಒಂದರ ಮೇಲೊಂದು ಹರಡುವ ಸ್ವಾತಂತ್ರ್ಯ ದೊರೆತದ್ದು 1987ರ ಎರಡನೆಯ ಆವೃತ್ತಿಯಲ್ಲಿ. ಅಂದು ತಾನಾಗಿಯೇ ಇದ್ದ ಶಿಸ್ತನ್ನು ಇಂದು ನಾವು ಬರೆದು ತಿಳಿಸಬೇಕಾಗಿದೆ.

ಬರೆದಿಟ್ಟ ಆಜ್ಞೆ

ಪ್ರತಿ ತಿಂಗಳು ಇಂತಿಷ್ಟು ಹಣವನ್ನು ಇಂಥ ಖಾತೆಗೆ ವರ್ಗಾಯಿಸಿರೆಂದು ಬ್ಯಾಂಕಿಗೆ ಒಮ್ಮೆ ಬರೆದುಕೊಟ್ಟರೆ ಮತ್ತೆ ಹೇಳಬೇಕಾಗಿಲ್ಲ. ಅದಕ್ಕೆ ಸ್ಥಾಯಿ ಸೂಚನೆ ಎನ್ನುತ್ತೇವೆ. ಸ್ಕ್ರಿಪ್ಟ್ ಎಂಬುದೂ ಅಂಥದೇ. ವಿಂಡೋಸ್‌ನಲ್ಲಿ ಇದಕ್ಕೆ ಬಹಳವಾಗಿ ಬಳಕೆಯಾಗುವ ಭಾಷೆ 'ಆಟೋಹಾಟ್‌ಕೀ'. ಕ್ರಿಸ್ ಮ್ಯಾಲೆಟ್ ಎಂಬವರು 2003ರಲ್ಲಿ ಹೊರತಂದ ಈ ತಂತ್ರಾಂಶ ಉಚಿತ, ಮುಕ್ತವೂ ಹೌದು. ಇದರಲ್ಲಿ ಕಿಟಕಿಯನ್ನು ಸರಿಸುವ ಆಜ್ಞೆಯ ಹೆಸರು 'ವಿನ್‌ಮೂವ್'. ಆಜ್ಞೆಯ ಮುಂದೆ ನಾಲ್ಕು ಅಂಕೆಗಳನ್ನೂ, ಕಿಟಕಿಯ ನೆತ್ತಿಯ ಮೇಲಿರುವ ಶೀರ್ಷಿಕೆಯನ್ನೂ ಬರೆದರೆ ಮುಗಿಯಿತು.

1366 ಪಿಕ್ಸೆಲ್ ಅಗಲ, 768 ಎತ್ತರದ ಲ್ಯಾಪ್‌ಟಾಪನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೆಳಗಿನ ಪಟ್ಟಿಗೆ 40 ಬಿಟ್ಟರೆ 728 ಉಳಿಯಿತು. ಛಾಯಾಚಿತ್ರದ ಕಿಟಕಿಗೆ 0, 0, 683, 728 ಎಂದು ಬರೆದರೆ ಅದು ಎಡ ಅರ್ಧವನ್ನು ತುಂಬುತ್ತದೆ. ಬರವಣಿಗೆಗೆ 683, 0, 683, 480. ಅದರ ಕೆಳಗೆ ನಿಘಂಟಿಗೆ 683, 480, 683, 248. ಈ ಮೂರು ಸಾಲುಗಳನ್ನು ಕಂಟ್ರೋಲ್, ಆಲ್ಟ್ ಮತ್ತು ಯಾವುದಾದರೊಂದು ಅಕ್ಷರದ ಕೀಲಿಗೆ ಕಟ್ಟಿಟ್ಟರೆ, ಒಂದೇ ಒತ್ತಿಗೆ ಮೂರೂ ಕಿಟಕಿಗಳು ತಮ್ಮ ತಮ್ಮ ಸ್ಥಾನದಲ್ಲಿ ನಿಲ್ಲುತ್ತವೆ. ಕೇವಲ ಎರಡು ಕಿಟಕಿಗಳಾದರೆ ವಿಂಡೋಸ್ ಕೀಲಿಯನ್ನೂ ಬಾಣದ ಕೀಲಿಯನ್ನೂ ಒಟ್ಟಿಗೆ ಒತ್ತುವ ಸೌಲಭ್ಯವೇ ಸಾಕು. ಅದು 2009ರ ವಿಂಡೋಸ್ 7ರಿಂದಲೇ ಇದೆ. ಅಸಮ ಭಾಗಗಳು ಬೇಕಾದಾಗ, ಅದೂ ಪ್ರತಿದಿನ ಬೇಕಾದಾಗ, ಸ್ಕ್ರಿಪ್ಟಿನ ಪ್ರಯೋಜನ ತಿಳಿಯುತ್ತದೆ. ಮ್ಯಾಕ್ ಬಳಸುವವರಿಗೆ 1993ರಿಂದ ಆಪಲ್‌ಸ್ಕ್ರಿಪ್ಟ್ ಇದೆ. ಅದರಲ್ಲಿ ಅಗಲ, ಎತ್ತರಗಳ ಬದಲು ಬಲ ಅಂಚು, ಕೆಳ ಅಂಚುಗಳ ಅಂಕೆ ಕೊಡುವುದು ವಾಡಿಕೆ.

ಎಡವುವ ಕಡೆಗಳು

ಆಟೋಹಾಟ್‌ಕೀಯ ಎರಡನೆಯ ಆವೃತ್ತಿ 2022ರ ಡಿಸೆಂಬರಿನಲ್ಲಿ ಬಂದಿತು. ಅದರಲ್ಲಿ ಅಂಕೆಗಳು ಮೊದಲು, ಶೀರ್ಷಿಕೆ ಅನಂತರ. ಹಳೆಯದರಲ್ಲಿ ಶೀರ್ಷಿಕೆಯೇ ಮೊದಲು. ಆದ್ದರಿಂದ ಹಳೆಯ ಉದಾಹರಣೆಗಳನ್ನು ಹಾಗೆಯೇ ನಕಲು ಮಾಡಿದರೆ ನಡೆಯುವುದಿಲ್ಲ. ಶೀರ್ಷಿಕೆ ಕನ್ನಡದಲ್ಲಿದ್ದರೆ ಸ್ಕ್ರಿಪ್ಟಿನ ಕಡತವನ್ನು ಯುಟಿಎಫ್-8 ರೂಪದಲ್ಲಿ ಉಳಿಸಬೇಕು. ಪರದೆ ತುಂಬ ಹಿಗ್ಗಿಸಿರುವ ಕಿಟಕಿಯನ್ನು ಮೊದಲು ಸಹಜ ಗಾತ್ರಕ್ಕೆ ತರಬೇಕು. ವಿಂಡೋಸ್ 10ರಿಂದೀಚೆಗೆ ಕಿಟಕಿಗಳಿಗೆ ಕಾಣದ ಅಂಚೊಂದಿರುವುದರಿಂದ ನಡುವೆ ಸಣ್ಣ ಸಂದು ಕಂಡರೆ ಗಾಬರಿಪಡಬೇಕಾಗಿಲ್ಲ. ಅಗಲವನ್ನು ಕೆಲವು ಪಿಕ್ಸೆಲ್ ಹೆಚ್ಚಿಸಿದರಾಯಿತು. ನಿಮ್ಮ ಕಿಟಕಿಗಳ ಅಂಕೆಗಳನ್ನೂ ಶೀರ್ಷಿಕೆಯನ್ನೂ ತಿಳಿಯಲು ಅದರೊಡನೆಯೇ ಬರುವ 'ವಿಂಡೋ ಸ್ಪೈ' ನೆರವಾಗುತ್ತದೆ.

ಇನ್ನೊಂದು ಎಚ್ಚರಿಕೆ ಇದಕ್ಕಿಂತ ದೊಡ್ಡದು. ಕಿಟಕಿಯನ್ನು ಸರಿಸಬಲ್ಲ ಸ್ಕ್ರಿಪ್ಟು ನಿಮ್ಮ ಪರವಾಗಿ ಬೆರಳಚ್ಚು ಮಾಡಬಲ್ಲದು, ನೀವು ಒತ್ತಿದ ಕೀಲಿಗಳನ್ನು ಗಮನಿಸಲೂ ಬಲ್ಲದು. ಅಪರಿಚಿತರು ಕಳುಹಿಸಿದ ಸ್ಕ್ರಿಪ್ಟನ್ನು ಓದಿ ಅರ್ಥಮಾಡಿಕೊಳ್ಳದೆ ನಡೆಸಬೇಡಿ. ಸ್ಕ್ರಿಪ್ಟಿನೊಳಗೆ ಪಾಸ್‌ವರ್ಡ್ ಬರೆದಿಡಬೇಡಿ. ಕಚೇರಿಯ ಯಂತ್ರದಲ್ಲಿ ಅನುಮತಿಯಿಲ್ಲದೆ ಇದನ್ನು ಅಳವಡಿಸಬೇಡಿ. ಸಹಿ ಹಾಕುವ ಮುನ್ನ ಕಾಗದವನ್ನು ಓದಬೇಕೆಂಬ ನಿಯಮ ಇಲ್ಲಿಯೂ ಅನ್ವಯಿಸುತ್ತದೆ.

ಸ್ಕ್ರಿಪ್ಟು ಅಜ್ಜಿಯ ಅಕ್ಷರವನ್ನು ಓದಿಕೊಡಲಾರದು. ಆ ಕೆಲಸ ಮನೆಯವರದೇ. ಮನೆಯ ಹಿರಿಯರು ಓದಿ ಹೇಳಲಿ, ಮಕ್ಕಳು ಆ ಮೂರು ಸಾಲುಗಳನ್ನು ಬರೆದುಕೊಡಲಿ. ದಿನಕ್ಕೊಂದು ಪುಟವಾದರೂ ಇನ್ನೂರು ಪುಟಗಳ ಪುಸ್ತಕವೊಂದು ಏಳು ತಿಂಗಳೊಳಗೆ ಮುಗಿಯುತ್ತದೆ.