ಬ್ರೌಸರ್‌ನಲ್ಲಿ ತೆರೆಯುವ ಮೇಲ್ ಫೋನಿನ ಆ್ಯಪ್‌ನಲ್ಲಿ ಯಾಕೆ ತೆರೆಯಲ್ಲ?

ಇವತ್ತಿನ ಸಂಚಿಕೆ ನನ್ನದೇ ತಪ್ಪಿನಿಂದ ಶುರುವಾಗುತ್ತೆ.

ನಮ್ಮ ಮನೆಯವರ ಇಮೇಲ್‌ಗೆ ನಾನೇ ಒಂದು ಸರ್ವರ್ ನಡೆಸ್ತೀನಿ. ಮೇಲ್ ಕಳಿಸೋದು, ಹೊರಗಿನಿಂದ ಬಂದದ್ದನ್ನು ತಗೊಳ್ಳೋದು ಪೋಸ್ಟ್‌ಫಿಕ್ಸ್ ಕೆಲಸ. ಅದನ್ನು ನಮ್ಮ ಫೋನುಗಳಿಗೆ ಕೊಡೋದು ಡವ್‌ಕಾಟ್. ಹೋದ ತಿಂಗಳು ಅಪ್ಪನನ್ನು ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿದ್ದ ಅಕ್ಕ ಅಲ್ಲಿಂದಲೇ ಫೋನ್ ಮಾಡಿದಳು.

"ಸ್ಕ್ಯಾನ್ ರಿಪೋರ್ಟ್ ಮೇಲ್‌ಗೆ ಕಳಿಸಿದ್ದಾರಂತೆ ಕಣೋ, ತೆರೀತಾನೇ ಇಲ್ಲ. ಸರ್ಟಿಫಿಕೇಟ್ ಸರಿಯಿಲ್ಲ ಅಂತಿದೆ. ಆದರೂ ಮುಂದುವರಿಸಿ ಅಂತ ಬಟನ್ ಇದೆ, ಒತ್ತಲಾ?"

"ಬೇಡ ಅಕ್ಕಾ" ಅಂದೆ. ಅವಳು ಇದ್ದದ್ದು ಎಲ್ಲರೂ ಬಳಸೋ ಉಚಿತ ವೈಫೈನಲ್ಲಿ. ಸರ್ಟಿಫಿಕೇಟ್ ಅಂದ್ರೆ ಸರ್ವರ್‌ನ ಗುರುತಿನ ಚೀಟಿ. ಅದನ್ನು ನೋಡದೇ ಒಪ್ಪಿಬಿಟ್ಟರೆ, ನಡುವೆ ಯಾರಾದರೂ ನಮ್ಮ ಸರ್ವರ್‌ನ ವೇಷ ಹಾಕಿ ಕೂತಿದ್ದರೂ ಫೋನು ಪಾಸ್‌ವರ್ಡನ್ನು ಅವರ ಕೈಗೇ ಕೊಡುತ್ತೆ.

"ಬ್ರೌಸರ್‌ನಲ್ಲಿ ವೆಬ್‌ಮೇಲ್ ನೋಡು" ಅಂದೆ. ಯಾವ ಎಚ್ಚರಿಕೆಯೂ ಬರದೆ ತೆರೆಯಿತು. ರಿಪೋರ್ಟ್ ಸಿಕ್ಕಿತು, ಡಾಕ್ಟರ್ ನೋಡಿದರು.

ಆ ಒಂದು ಪರೀಕ್ಷೆಯಲ್ಲೇ ಅರ್ಧ ಉತ್ತರ ಇತ್ತು. ಸರ್ವರ್ ನಡೀತಿದೆ, ಇಂಟರ್ನೆಟ್ ಇದೆ, ಪಾಸ್‌ವರ್ಡ್ ಸರಿ ಇದೆ. ಆದರೆ ಬ್ರೌಸರ್ ಹೋಗೋದು 443ನೇ ಪೋರ್ಟ್‌ಗೆ, ಅಲ್ಲಿರೋದು ವೆಬ್ ಸರ್ವರ್. ಮೇಲ್ ಆ್ಯಪ್ ಹೋಗೋದು 993ಕ್ಕೆ, ಅಲ್ಲಿರೋದು ಡವ್‌ಕಾಟ್. ಮನೆ ಒಂದೇ, ಬಾಗಿಲು ಎರಡು.

ರಾತ್ರಿ ಕೂತು ಓಪನ್‌ಎಸ್‌ಎಸ್‌ಎಲ್‌ನಿಂದ ಎರಡೂ ಬಾಗಿಲಿನ ಚೀಟಿ ನೋಡಿದೆ. 443ರದ್ದು ಹೊಸದು. 993ರದ್ದು ಅವತ್ತು ಬೆಳಗ್ಗೆಯೇ ಅವಧಿ ಮುಗಿದಿತ್ತು! ನಾನು ಬಳಸೋ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್‌ನ ಆಯಸ್ಸು 90 ದಿನ. ಸರ್ಟ್‌ಬಾಟ್ ಅದನ್ನು 30 ದಿನ ಮೊದಲೇ ನವೀಕರಿಸಿತ್ತು. ವೆಬ್ ಸರ್ವರ್ ಹೊಸದನ್ನು ಓದಿಕೊಂಡಿತ್ತು. ಡವ್‌ಕಾಟ್ ಮಾತ್ರ ಹಳೆಯದನ್ನೇ ಹಿಡ್ಕೊಂಡಿತ್ತು, ಯಾಕಂದ್ರೆ ಅದಕ್ಕೆ ರೀಲೋಡ್ ಆಗು ಅಂತ ಹೇಳೋ ಏರ್ಪಾಡನ್ನೇ ನಾನು ಮಾಡಿರಲಿಲ್ಲ. ತಿಂಗಳ ಹಿಂದಿನ ತಪ್ಪು ಅವತ್ತು ಕಾಣಿಸಿಕೊಂಡಿತು. ಡವ್‌ಕಾಟ್ ರೀಲೋಡ್ ಮಾಡಿದ ತಕ್ಷಣ ಆ್ಯಪ್‌ಗೆ ಮೇಲ್ ಬಂತು. ಈಗ ಪ್ರತಿ ನವೀಕರಣದ ನಂತರ ಅದು ತಾನಾಗೇ ಆಗೋ ಹಾಗೆ ಸರ್ಟ್‌ಬಾಟ್‌ನ ಡಿಪ್ಲಾಯ್ ಹುಕ್‌ನಲ್ಲಿ ಬರೆದಿಟ್ಟಿದ್ದೀನಿ.

ನಿಮಗೂ ಇಂಥ ತೊಂದರೆ ಬಂದರೆ ಈ ಕ್ರಮದಲ್ಲಿ ನೋಡಿ. ಮೊದಲು, ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ಪ್ರಯತ್ನಿಸಿ. ಸರ್ವರ್ ಮನೆಯಲ್ಲೇ ಇದ್ದು, ಮನೆಯ ವೈಫೈನಲ್ಲಿ ಮಾತ್ರ ಮೇಲ್ ಬಂದರೆ, ಹೊರಗಿನಿಂದ 993ಕ್ಕೆ ದಾರಿ ತೆರೆದಿಲ್ಲ ಅಂತ ಅರ್ಥ. ರೂಟರ್ ಮತ್ತು ಫೈರ್‌ವಾಲ್ ನೋಡಿ. ಎರಡನೆಯದು, ಸರ್ವರ್‌ನ ಲಾಗ್. ಫೋನ್ ಪ್ರಯತ್ನಿಸಿದಾಗ ಅಲ್ಲಿ ಒಂದು ಸಾಲೂ ಬೀಳದಿದ್ದರೆ ಫೋನು ಸರ್ವರ್‌ವರೆಗೆ ಬಂದೇ ಇಲ್ಲ. ಸಾಲು ಬಿದ್ದರೆ, ತಪ್ಪು ಪಾಸ್‌ವರ್ಡ್‌ನದೋ ಸರ್ಟಿಫಿಕೇಟ್‌ನದೋ ಅನ್ನೋ ಸುಳಿವು ಸಾಮಾನ್ಯವಾಗಿ ಅದರಲ್ಲೇ ಇರುತ್ತೆ. ಮೂರನೆಯದು, ಆ್ಯಪ್‌ನಲ್ಲಿ ಹಾಕಿರೋ ಸರ್ವರ್ ಹೆಸರು ಸರ್ಟಿಫಿಕೇಟ್‌ನಲ್ಲೂ ಇರಬೇಕು. ಹೆಸರಿನ ಬದಲು ಐಪಿ ನಂಬರ್ ಹಾಕಿದ್ದರೂ ಎಚ್ಚರಿಕೆ ಬರಬಹುದು. ಮೇಲ್ ಬರುತ್ತೆ, ಆದರೆ ಹೋಗಲ್ಲ ಅಂದ್ರೆ ಕಳಿಸುವ ಪೋರ್ಟ್ 465 ಅಥವಾ 587 ಇದೆಯಾ ನೋಡಿ. 25 ಇರೋದು ಸರ್ವರ್‌ಗಳು ಒಂದಕ್ಕೊಂದು ಮಾತಾಡೋಕೆ, ಅದನ್ನು ಫೋನಿಗೆ ಹಾಕಬೇಡಿ.

ಎಷ್ಟೇ ಅವಸರ ಇದ್ದರೂ ಆ 'ಆದರೂ ಮುಂದುವರಿಸಿ' ಬಟನ್ ಮಾತ್ರ ಒತ್ತಬೇಡಿ. ಅವತ್ತು ನಮ್ಮಕ್ಕ ಒತ್ತೋ ಮುಂಚೆ ಕೇಳಿದಳು, ಅದೇ ಒಳ್ಳೇದಾಯ್ತು.